ಮರ ಕಡಿದು ಪಾರ್ಕಿಂಗ್ ಬೇಕೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬಡಾವಣೆಯ ಗ್ರಂಥಾಲಯದ ಆವರಣದಲ್ಲಿರುವ ಹಳೆಯ ನೆರಳಿನ ಮರಗಳನ್ನೆಲ್ಲ ಕಡಿದು ವಾಹನ ನಿಲುಗಡೆಗೆ ಜಾಗ ಮಾಡುವ ಪ್ರಸ್ತಾವ ಬಂದಿದೆ. ನಾವು ಕೆಲವರು ವಿರೋಧಿಸಿದಾಗ, ‘ಗಾಡಿ ನಿಲ್ಲಿಸಲು ಜಾಗವಿಲ್ಲದೆ ಜನ ಪಡುವ ಕಷ್ಟ ನಿಮಗೆ ಕಾಣುವುದಿಲ್ಲವೇ’ ಎಂದು ಸಭೆಯಲ್ಲಿ ನಮ್ಮ ಬಾಯಿ ಮುಚ್ಚಿಸಿದರು. ನಮ್ಮ ವಾದವನ್ನು ಹೇಗೆ ಮುಂದಿಡಬೇಕು?

ಉತ್ತರ: ಅವರು ಹೇಳುವ ಕಷ್ಟ ನಿಜವಾದದ್ದೇ ಎಂದು ಒಪ್ಪಿಕೊಂಡು ಮಾತು ಆರಂಭಿಸಿ. ಮರ ಬೇಕೋ ಪಾರ್ಕಿಂಗ್ ಬೇಕೋ ಎಂದು ಕೇಳುವ ಸಭೆಯಲ್ಲಿ ಮರದ ಪರ ನಿಂತವರು ಸೋಲುವುದೇ ಹೆಚ್ಚು. ಅದರ ಬದಲು ದಿನದ ಯಾವ ಹೊತ್ತಿನಲ್ಲಿ ಎಷ್ಟು ವಾಹನಗಳಿಗೆ ಜಾಗ ಸಾಲದು, ಆ ಜಾಗಕ್ಕೆ ಯಾವ ಯಾವ ಮರ ಅಡ್ಡಬರುತ್ತದೆ ಎಂದು ಕೇಳಿದರೆ ಚರ್ಚೆ ನಕ್ಷೆಯ ಮೇಲೆ ಬಂದು ನಿಲ್ಲುತ್ತದೆ. ಆಗ ‘ಎಲ್ಲ ಮರಗಳನ್ನೂ’ ಎಂಬ ಮಾತನ್ನು ಸಮರ್ಥಿಸುವ ಹೊಣೆ ಪ್ರಸ್ತಾವ ತಂದವರದಾಗುತ್ತದೆ.

ಲೆಕ್ಕವನ್ನು ನೀವೇ ಮಾಡಬಹುದು. ಒಂದು ಕಾರು ನಿಲ್ಲಲು ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಬೇಕು; ಒಳಗೆ ಬರುವ ಮತ್ತು ತಿರುಗಿಸುವ ದಾರಿಯನ್ನೂ ಸೇರಿಸಿದರೆ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಆಗುತ್ತದೆ. ಅಂದರೆ ಜಾಗದ ಅರ್ಧ ಭಾಗ, ಇಲ್ಲವೇ ಅದಕ್ಕೂ ಹೆಚ್ಚು, ಹೋಗುವುದು ದಾರಿಗೆ. ಆದ್ದರಿಂದ ದಾರಿಯ ದಿಕ್ಕನ್ನೋ ವಾಹನ ನಿಲ್ಲುವ ಕೋನವನ್ನೋ ತುಸು ಬದಲಿಸಿ ನಕ್ಷೆಯನ್ನು ತಿದ್ದಿದರೆ ಅನೇಕ ಮರಗಳು ಎರಡು ಸಾಲುಗಳ ನಡುವೆ ಇಲ್ಲವೇ ಆವರಣದ ಅಂಚಿನಲ್ಲಿ ಉಳಿದುಕೊಳ್ಳುತ್ತವೆ. ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಟ್ಟು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆಯನ್ನು ಟೇಪಿನಿಂದ ಅಳೆದು, ಜಾತಿಯನ್ನೂ ನೆರಳಿನ ಹರವನ್ನೂ ಬರೆದುಕೊಂಡು, ನಕ್ಷೆಯ ಮೇಲೆ ಅದರ ಜಾಗವನ್ನು ಗುರುತಿಸಿ. ಜೊತೆಗೆ ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಂತ ವಾಹನಗಳನ್ನು ಎಣಿಸಿ, ಅವುಗಳಲ್ಲಿ ಇಡೀ ದಿನ ಅಲುಗಾಡದೆ ನಿಲ್ಲುವವು ಎಷ್ಟು ಎಂಬುದನ್ನು ಬೇರೆಯಾಗಿ ದಾಖಲಿಸಿ. ಓದಲು ಬಂದವರಿಗೆ ಜಾಗ ಸಿಗದಿರಲು ದಿನವಿಡೀ ನಿಂತ ಗಾಡಿಗಳೇ ಕಾರಣವೆಂದು ಕಂಡುಬಂದರೆ ಸಮಯದ ಮಿತಿಯೋ ಶುಲ್ಕವೋ ಅದಕ್ಕೆ ಮದ್ದು. ಅಮೆರಿಕದ ಬಫಲೊ ನಗರವು 2017ರಲ್ಲಿ, ಹೊಸ ಕಟ್ಟಡಗಳಿಗೆ ಇಂತಿಷ್ಟು ಪಾರ್ಕಿಂಗ್ ಇರಲೇಬೇಕೆಂಬ ಕಡ್ಡಾಯ ನಿಯಮವನ್ನು ನಗರದಾದ್ಯಂತ ಕೈಬಿಟ್ಟಿತು. ಪಾರ್ಕಿಂಗ್ ಜಾಗದ ಬೇಡಿಕೆಯನ್ನು ಎಣಿಸದೆ ಒಪ್ಪಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡಬಹುದು.

ನೆರಳನ್ನು ಪಾರ್ಕಿಂಗಿನ ಶತ್ರುವೆಂದು ನೋಡುವುದೇ ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಬಿಸಿಲಿಗೆ ಬಿದ್ದ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಝಳವನ್ನೂ, ಮುಟ್ಟಲಾಗದಷ್ಟು ಕಾದ ಸ್ಟಿಯರಿಂಗನ್ನೂ ಬಲ್ಲ ಚಾಲಕರೇ ಈ ವಿಷಯದಲ್ಲಿ ನಿಮ್ಮ ಒಳ್ಳೆಯ ಸಾಕ್ಷಿಗಳು. ಕ್ಯಾಲಿಫೋರ್ನಿಯಾದ ಡೇವಿಸ್ ನಗರದ ಪಾರ್ಕಿಂಗ್ ಜಾಗದಲ್ಲಿ 1990ರ ದಶಕದಲ್ಲಿ ಅಳೆದು ನೋಡಿದಾಗ, ಮರದ ನೆರಳಿನಲ್ಲಿ ಡಾಂಬರಿನ ಮೇಲ್ಮೈ 20 ಡಿಗ್ರಿ ಸೆಲ್ಸಿಯಸ್‌ವರೆಗೂ, ಕಾರಿನ ಒಳಭಾಗ ಸುಮಾರು 26 ಡಿಗ್ರಿಯವರೆಗೂ ತಂಪಾಗಿರುವುದು ಕಂಡುಬಂತು. ಟ್ಯಾಂಕಿನ ಬಿಸಿ ತಗ್ಗಿದಂತೆ ನಿಂತ ವಾಹನದಿಂದ ಆವಿಯಾಗಿ ಹೋಗುವ ಪೆಟ್ರೋಲೂ ಕಡಿಮೆಯಾಗುತ್ತದೆ. ಅದೇ ರಾಜ್ಯದ ಸ್ಯಾಕ್ರಮೆಂಟೊ ನಗರದಲ್ಲಿ, ಹೊಸ ಪಾರ್ಕಿಂಗ್ ಜಾಗದ ಶೇಕಡಾ 50ರಷ್ಟು ಭಾಗಕ್ಕೆ 15 ವರ್ಷಗಳಲ್ಲಿ ಮರದ ನೆರಳು ಬರುವಂತಿರಬೇಕೆಂಬ ನಿಯಮ 1983ರಲ್ಲೇ ಬಂದಿದೆ. ಅಲ್ಲಿ 15 ವರ್ಷ ಕಾದು ಪಡೆಯಬೇಕಾದದ್ದು ನಿಮ್ಮ ಆವರಣದಲ್ಲಿ ಈಗಾಗಲೇ ಇದೆ.

ಕೊನೆಯದಾಗಿ, ತಡಮಾಡಬೇಡಿ. ಟೆಂಡರ್ ಕರೆದ ಮೇಲೆ ನಕ್ಷೆ ಬದಲಿಸಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ನಕ್ಷೆಯ ಪ್ರತಿ, ಮರಗಳ ಪಟ್ಟಿ ಹಾಗೂ ಕಡಿಯಲು ಕೊಟ್ಟ ಕಾರಣಗಳನ್ನು ಈಗಲೇ ಲಿಖಿತವಾಗಿ ಕೇಳಿ, ಆಕ್ಷೇಪಣೆಯನ್ನು ಗಡುವಿನೊಳಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ರಸ್ತೆ ಮತ್ತು ಕಾಲುದಾರಿಗಳ ದುರಸ್ತಿಗಾಗಿ ಸಾವಿರಾರು ಬೀದಿಮರಗಳನ್ನು ಕಡಿದದ್ದರ ವಿರುದ್ಧ ನಿವಾಸಿಗಳು ವರ್ಷಗಟ್ಟಲೆ ಹೋರಾಡಬೇಕಾಯಿತು. 2016ರ ನವೆಂಬರಿನ ಒಂದು ನಸುಕಿನಲ್ಲಿ ಅಡ್ಡನಿಂತ ಇಬ್ಬರು ಹಿರಿಯ ಮಹಿಳೆಯರನ್ನು ಪೊಲೀಸರು ಬಂಧಿಸಿದ್ದರು. 2023ರಲ್ಲಿ ಹೊರಬಂದ ಸ್ವತಂತ್ರ ವಿಚಾರಣಾ ವರದಿಯ ನಂತರ ನಗರಾಡಳಿತವು ಜನರ ಕ್ಷಮೆ ಕೇಳಿತು. ಆದರೆ ಆ ಹೊತ್ತಿಗೆ ಮರಗಳು ನೆಲಕ್ಕುರುಳಿ ಕೆಲವು ವರ್ಷಗಳೇ ಆಗಿದ್ದವು.

ಪ್ರಶ್ನೆ: ‘ಒಂದು ಮರಕ್ಕೆ ಬದಲಾಗಿ ಹತ್ತು ಸಸಿ ನೆಡುತ್ತೇವೆ, ದೊಡ್ಡ ಮರಗಳನ್ನು ಬೇರುಸಹಿತ ಕಿತ್ತು ಬೇರೆಡೆ ನೆಡುತ್ತೇವೆ’ ಎಂದು ನಮಗೆ ಭರವಸೆ ಕೊಟ್ಟಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಸಸಿಗಳ ಸಂಖ್ಯೆಯನ್ನು ಬಿಟ್ಟು ನೆರಳಿನ ವಿಸ್ತೀರ್ಣವನ್ನು ಲೆಕ್ಕ ಹಾಕಿ. ಹತ್ತು ಮೀಟರ್ ಹರವಿನ ಒಂದು ಮರ ಸುಮಾರು 78 ಚದರ ಮೀಟರ್ ನೆಲಕ್ಕೆ ನೆರಳು ಕೊಡುತ್ತದೆ. ಒಂದು ಮೀಟರ್ ಹರವಿನ ಸಸಿ ಕೊಡುವುದು ಒಂದು ಚದರ ಮೀಟರಿಗಿಂತ ಕಡಿಮೆ. ಹತ್ತು ಸಸಿಗಳು, ಒಂದೂ ಸಾಯದೆ ಉಳಿದರೂ, ಇಂದು ಆ ಮರದ ಹತ್ತನೆಯ ಒಂದು ಭಾಗಕ್ಕೆ ಮಾತ್ರ ಸಮ. ಅವನ್ನು ಊರಾಚೆ ಎಲ್ಲೋ ನೆಟ್ಟರೆ ನಿಮ್ಮ ಬೀದಿಯಲ್ಲಿ ನಡೆಯುವವರಿಗೆ ಅದೂ ಇಲ್ಲ. ಬೇರೆ ದಾರಿಯೇ ಇಲ್ಲವೆಂದಾದಾಗ ಮಾತ್ರ, ಎಲ್ಲಿ ನೆಡುತ್ತಾರೆ, ಎಷ್ಟು ವರ್ಷ ನೀರು ಹಾಕುತ್ತಾರೆ, ಸತ್ತ ಸಸಿಗೆ ಬದಲಿ ನೆಡುವವರು ಯಾರು ಎಂಬುದನ್ನು ಬರಹದಲ್ಲಿ ಪಡೆದು ಒಪ್ಪಿ. ಸ್ಥಳಾಂತರದ ವಿಷಯದಲ್ಲಿ ನಾನು ಇನ್ನೂ ಎಚ್ಚರ ವಹಿಸುತ್ತೇನೆ. ದೊಡ್ಡ ಮರವನ್ನು ಕೀಳುವಾಗ ನೀರು ಹೀರುವ ಸಣ್ಣ ಬೇರುಗಳ ಬಹುಪಾಲು ಹಳೆಯ ನೆಲದಲ್ಲೇ ಕತ್ತರಿಸಿ ಉಳಿಯುತ್ತದೆ, ಮರವನ್ನು ಸಾಗಿಸಲು ಕೊಂಬೆಗಳನ್ನೂ ಸವರುತ್ತಾರೆ. ಬೋಳು ಕಾಂಡ ಒಂದೆರಡು ತಿಂಗಳಲ್ಲಿ ಚಿಗುರಿತೆಂಬ ಮಾತ್ರಕ್ಕೆ ಮರ ಬದುಕಿತೆನ್ನಲಾಗದು, ಏಕೆಂದರೆ ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೂ ಚಿಗುರು ಬರುತ್ತದೆ. ಹಲವು ವರ್ಷಗಳ ಆರೈಕೆಗೆ ಹಣವನ್ನು ಮೊದಲೇ ತೆಗೆದಿರಿಸದ ಸ್ಥಳಾಂತರವನ್ನು ಒಪ್ಪಬೇಡಿ.

ಪ್ರಶ್ನೆ: ನಮ್ಮ ಹೋರಾಟದ ಫಲವಾಗಿ ಮರಗಳನ್ನು ಕಡಿಯದೆ ಅವುಗಳ ನಡುವೆಯೇ ಪಾರ್ಕಿಂಗ್ ಮಾಡಿದರು. ಆದರೆ ಎರಡೇ ವರ್ಷದಲ್ಲಿ ತುದಿಯ ಕೊಂಬೆಗಳು ಒಣಗುತ್ತಿವೆ, ಎಲೆಗಳೂ ಸಣ್ಣದಾಗಿವೆ. ಏನಾಗಿರಬಹುದು?

ಉತ್ತರ: ನೋಡದೆ ಖಚಿತವಾಗಿ ಹೇಳಲಾಗದು, ಆದರೂ ನೀವು ಬರೆದಿರುವ ಲಕ್ಷಣಗಳು ಬೇರಿಗೆ ಪೆಟ್ಟು ಬಿದ್ದಿರುವುದರತ್ತ ಬೆರಳು ತೋರಿಸುತ್ತವೆ. ಮರಗಳ ಬೇರು ಆಳಕ್ಕಿಳಿದಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ನೀರು, ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರಿನ ಆಸುಪಾಸಿನಲ್ಲೇ ಇದ್ದು, ಕೊಂಬೆಗಳ ಹರವಿನಾಚೆಗೂ ಚಾಚಿರುತ್ತವೆ. ಆ ಮಣ್ಣನ್ನು ರೋಲರಿನಿಂದ ಅದುಮಿ, ಕಾಂಡದ ಬುಡದವರೆಗೆ ಕಾಂಕ್ರೀಟು ಸುರಿದರೆ ಬೇರುಗಳಿಗೆ ಗಾಳಿಯೂ ನೀರೂ ಸಿಗುವುದಿಲ್ಲ. ಅಂಚಿನ ಕಲ್ಲು ಕೂರಿಸಲೆಂದು ಉದ್ದಕ್ಕೆ ತೋಡಿದ ಒಂದು ಚರಂಡಿಯಂಥ ಗುಂಡಿ ಒಂದು ಬದಿಯ ಬೇರುಗಳನ್ನೆಲ್ಲ ಕತ್ತರಿಸಿಬಿಡಬಹುದು. ಮರ ಕೂಡಲೇ ಸಾಯುವುದಿಲ್ಲ. ಒಣಗುವುದು ವರ್ಷಗಳ ನಂತರ, ಗುತ್ತಿಗೆದಾರರು ಬಿಲ್ ಪಡೆದು ಹೋದ ಮೇಲೆ. ಆಗ ‘ಮರಕ್ಕೆ ವಯಸ್ಸಾಗಿತ್ತು’ ಎಂದು ಎಲ್ಲರೂ ನಂಬುತ್ತಾರೆ.

ಬ್ರಿಟನ್ನಿನ ನಿರ್ಮಾಣ ಮಾನದಂಡದಲ್ಲಿ, ಕಾಂಡದ ವ್ಯಾಸದ 12 ಪಟ್ಟು ದೂರದವರೆಗಿನ ನೆಲವನ್ನು ಬೇರಿನ ರಕ್ಷಣಾ ವಲಯವೆಂದು ಎಣಿಸುತ್ತಾರೆ. ಕಾಂಡ 60 ಸೆಂಟಿಮೀಟರ್ ದಪ್ಪವಿದ್ದರೆ ಸುತ್ತಲೂ ಏಳು ಮೀಟರಿಗಿಂತ ತುಸು ಹೆಚ್ಚು. ಆ ವಲಯದೊಳಗೆ ವಾಹನ ನಿಲ್ಲಲೇಬಾರದೆಂದೇನೂ ಇಲ್ಲ. ನೆಲ ಅಗೆಯದೆ, ಈಗಿರುವ ಮಣ್ಣಿನ ಮೇಲೆಯೇ ಭಾರ ಹಂಚುವ ಜಾಲರಿ ಹಾಸಿ, ಅದರ ಕಿಂಡಿಗಳಲ್ಲಿ ನೀರು ಇಂಗುವಂತೆ ಜಲ್ಲಿ ತುಂಬುವ ವಿಧಾನವಿದೆ. ನಿಮ್ಮಲ್ಲಿ ಈಗ ಆಗಬೇಕಾದದ್ದು, ಬುಡದ ಸುತ್ತಲಿನ ಕಾಂಕ್ರೀಟನ್ನು ಯಂತ್ರ ಬಳಸದೆ ಕೈಯಿಂದಲೇ ಸಾಧ್ಯವಾದಷ್ಟು ಅಗಲಕ್ಕೆ ತೆಗೆಸುವುದು, ಬೇರಿಗೆ ಗಾಯವಾಗದಂತೆ ಗಟ್ಟಿ ಮಣ್ಣನ್ನು ಸಡಿಲಿಸುವುದು, ಒಣಗಿದ ಎಲೆ ಮತ್ತು ಮರದ ಚೂರುಗಳನ್ನು ಐದರಿಂದ ಹತ್ತು ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಹರಡುವುದು, ಬೇಸಿಗೆಯಲ್ಲಿ ನಿಧಾನವಾಗಿ ಆಳಕ್ಕೆ ಇಂಗುವಂತೆ ನೀರುಣಿಸುವುದು. ಆ ಭಾಗಕ್ಕೆ ಚಕ್ರ ಹತ್ತದಂತೆ ಗಟ್ಟಿಯಾದ ಕಂಬಗಳನ್ನು ನಿಲ್ಲಿಸಿ; ಬರೀ ಬಣ್ಣದ ಗೆರೆ ಎಳೆದರೆ ಯಾರೂ ಪಾಲಿಸುವುದಿಲ್ಲ. ಗೊಬ್ಬರ ಸುರಿಯುವ ಅವಸರ ಬೇಡ. ಇದರಿಂದ ಎರಡೋ ಮೂರೋ ಗಾಡಿಗಳ ಜಾಗ ಹೋಗಬಹುದು, ಅದನ್ನು ಬಿಟ್ಟುಕೊಡಲು ಸಂಘದವರನ್ನು ಒಪ್ಪಿಸಿ.

ಪ್ರಶ್ನೆ: ಕೊಂಬೆ ಬಿದ್ದು ಗಾಡಿಗಳು ಜಖಂ ಆಗುತ್ತವೆ, ಹಕ್ಕಿಗಳ ಹಿಕ್ಕೆಯಿಂದ ಬಣ್ಣ ಕೆಡುತ್ತದೆ ಎಂದು ನೆರೆಹೊರೆಯವರೇ ಮರ ಕಡಿಯಲು ಸಹಿ ಸಂಗ್ರಹಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಹಿಕ್ಕೆ ಬಿದ್ದರೆ ತೊಳೆದರಾಯಿತು, ಅದಕ್ಕೆ ಮರ ಕಡಿಯಬೇಕಿಲ್ಲ. ಕೊಂಬೆಯ ಭಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಒಣಗಿದ, ಸೀಳಿದ ಕೊಂಬೆಗಳನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅನುಭವಸ್ಥರಿಂದ ತೆಗೆಸುವ ಏರ್ಪಾಟನ್ನು ನೀವೇ ಮುಂದೆ ನಿಂತು ಮಾಡಿಸಿ. ತಲೆ ಬೋಳಿಸಿದಂತೆ ಮೇಲ್ಭಾಗವನ್ನೆಲ್ಲ ಕತ್ತರಿಸಲು ಬಿಡಬೇಡಿ, ಹಾಗೆ ಕತ್ತರಿಸಿದಲ್ಲಿ ಒತ್ತಾಗಿ ಚಿಗುರುವ ಹೊಸ ಕೊಂಬೆಗಳ ಬುಡ ಸಡಿಲವಾಗಿದ್ದು ಮುಂದೆ ಅವೇ ಮುರಿದು ಬೀಳುತ್ತವೆ. ಇಡೀ ಮರವೇ ಅಪಾಯಕಾರಿ ಎಂದು ಯಾರಾದರೂ ಹೇಳಿದರೆ, ಯಾವ ಮರದ ಯಾವ ಭಾಗದಲ್ಲಿ ಏನು ದೋಷವಿದೆ, ಕಡಿಯದೆ ಅದನ್ನು ಸರಿಪಡಿಸಲು ಸಾಧ್ಯವೇ ಎಂಬುದನ್ನು ತಜ್ಞರು ಸಹಿ ಮಾಡಿದ ವರದಿಯಲ್ಲಿ ಕೊಡುವಂತೆ ಕೇಳಿ. ಅಂಥ ವರದಿ ಬಂದು ಮರ ನಿಜಕ್ಕೂ ಬೀಳುವಂತಿದ್ದರೆ ಕಡಿಯಲು ಒಪ್ಪಿ, ಅದೇ ಪಾತಿಯಲ್ಲಿ ಬದಲಿ ಮರ ನೆಡುವ ದಿನಾಂಕವನ್ನು ಆ ಆದೇಶದಲ್ಲೇ ಬರೆಸಿ.