ಡಿಸ್ಕ್ ಕೆಟ್ಟಿಲ್ಲ, ಅದು ಗ್ರೇನ್

ಹಳೆಯ ಕಪ್ಪುಬಿಳುಪು ಸಿನಿಮಾದ 4ಕೆ ಡಿಸ್ಕ್ ಹಾಕಿದರೆ ಆಕಾಶದ ತುಂಬಾ ರವೆ ಚೆಲ್ಲಿದಂತೆ ಕಾಣುತ್ತದೆ, ಡಿಸ್ಕ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಬಿಡಿ. ಅದು ಗ್ರೇನ್, ಫಿಲ್ಮ್ ಮೇಲಿನ ಬೆಳ್ಳಿಯ ಕಣಗಳ ಗುರುತು. ಡಿವಿಡಿಯಲ್ಲಿ ಅಗಲಕ್ಕೆ 720 ಚುಕ್ಕಿ, ಇದರಲ್ಲಿ 3840. ಅಲ್ಲಿ ಮಸುಕಾಗಿದ್ದದ್ದು ಇಲ್ಲಿ ಎದ್ದು ಕಾಣುತ್ತದೆ, ಅಷ್ಟೇ.

ನನಗೆ ಭಯ ಗ್ರೇನೇ ಇಲ್ಲದ ಡಿಸ್ಕ್ ಕಂಡರೆ. ಚಿತ್ರ ಚೊಕ್ಕ ಮಾಡಲು ಹೋಗಿ ಡಿಸ್ಕ್ ತಯಾರಿಸುವ ಕೆಲವರು ಕಂಪ್ಯೂಟರ್‌ನಲ್ಲಿ ಗ್ರೇನನ್ನು ಅತಿಯಾಗಿ ಉಜ್ಜಿಬಿಡುತ್ತಾರೆ. ಮುಖ ಮೇಣದ ಗೊಂಬೆ ಥರ ಆಗುತ್ತದೆ. ಒಂದು ಕ್ಲೋಸಪ್‌ನಲ್ಲಿ ನಿಲ್ಲಿಸಿ ನೋಡಿ. ಹುಬ್ಬಿನ ಕೂದಲು ಬಿಡಿಬಿಡಿಯಾಗಿ, ಕೋಟಿನ ನೇಯ್ಗೆ ಎಳೆಎಳೆಯಾಗಿ ಕಂಡರೆ ಕೆಲಸ ಚೆನ್ನಾಗಿ ಆಗಿದೆ ಅಂತಲೇ ಅರ್ಥ. ವಿಮರ್ಶೆಯಲ್ಲಿ ಸುಮ್ನೆ ‘ಫಳಫಳ ಹೊಳೆಯುತ್ತದೆ’ ಅಂತ ಹೊಗಳಿದ್ದರೆ ನಾನಂತೂ ಅನುಮಾನಪಡುತ್ತೇನೆ.

ಅಂದಹಾಗೆ, ಟಿವಿಯ ಶಾರ್ಪ್‌ನೆಸ್ ಜಾಸ್ತಿ ಇಟ್ಟಿದ್ದೀರಾ? ಅದು ಗ್ರೇನನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ, ಮೊದಲು ಅದನ್ನು ಇಳಿಸಿ.