ರೇಟಿಂಗ್ 4 ಇದೆ ಅಂತ ಆ ಮನೆ ಬಿಡಬೇಕಾ?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲೀಯಲ್ಲಿ ನೋಡಿದ ಮನೆ ಇಷ್ಟವಾಗಿದೆ, ಬಜೆಟ್ಟಿಗೂ ಸರಿಹೋಗುತ್ತೆ, ಆದರೆ ಆ ವಿಳಾಸಕ್ಕೆ ಸಿಗುವ ಸರ್ಕಾರಿ ಶಾಲೆಗೆ ವೆಬ್‌ಸೈಟಿನಲ್ಲಿ ಹತ್ತಕ್ಕೆ ನಾಲ್ಕು ರೇಟಿಂಗ್, ಸ್ನೇಹಿತರೆಲ್ಲ ಬೇಡ ಅಂತಿದ್ದಾರೆ ಅಂದಿರಿ. ನನ್ನ ಮಗಳು ಅಂಥದ್ದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುತ್ತಿದ್ದಾಳೆ. ಆ ಅಂಕಿಯೊಂದನ್ನೇ ನೋಡಿ ಮನೆ ಬಿಡಬೇಡಿ.

ನಾರ್ತ್ ಕ್ಯಾರೊಲಿನಾ ಸರ್ಕಾರವೂ ಶಾಲೆಗಳಿಗೆ ಎ ಇಂದ ಎಫ್ ತನಕ ಗ್ರೇಡ್ ಕೊಡುತ್ತೆ. ಅದರಲ್ಲಿ ನೂರಕ್ಕೆ 80 ಪಾಲು ಮಕ್ಕಳು ಪರೀಕ್ಷೆಯಲ್ಲಿ ಎಷ್ಟು ತೆಗೆದರು ಅನ್ನೋದಕ್ಕೆ. ವರ್ಷದಲ್ಲಿ ಎಷ್ಟು ಮುಂದೆ ಹೋದರು ಅನ್ನೋದಕ್ಕೆ ಬರೀ 20. ಅಪ್ಪ ಅಮ್ಮ ಇಬ್ಬರೂ ಐಟಿ, ಸಂಜೆಯಾದರೆ ಟ್ಯೂಷನ್, ಅಂಥ ಮಗು ಯಾವ ಶಾಲೆಯಲ್ಲಿ ಕೂತರೂ ಅಂಕ ತೆಗೆಯುತ್ತೆ. ಅದರಲ್ಲಿ ಶಾಲೆಯ ಪಾಲೆಷ್ಟು? ರಾಜ್ಯ ಪ್ರತಿ ಶಾಲೆಗೂ ಕೊಡುವ ರಿಪೋರ್ಟ್ ಕಾರ್ಡಿನಲ್ಲಿ ಈ ಮುನ್ನಡೆ 'ಗ್ರೋತ್' ಅಂತ ಬೇರೆಯಾಗಿ ಇರುತ್ತೆ, ಅದನ್ನು ನೋಡಿ. ಗ್ರೇಡ್ ಸಿ ಇದ್ದೂ ಗ್ರೋತ್ ಚೆನ್ನಾಗಿರುವ ಶಾಲೆಗಳಿವೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಜನಾಂಗ ನೋಡಿ ಭೇದ ಮಾಡಬಾರದು ಅನ್ನುವ 1968ರ ಫೇರ್ ಹೌಸಿಂಗ್ ಕಾಯಿದೆ ಇರೋದರಿಂದ 'ಅಲ್ಲಿ ಕಪ್ಪು ಜನ ಜಾಸ್ತಿ, ಬೇಡ' ಅಂತ ಏಜೆಂಟ್ ಹೇಳುವ ಹಾಗಿಲ್ಲ. ರೇಟಿಂಗ್ ತೋರಿಸಿದರೆ ಮುಗೀತು, ಉಳಿದದ್ದು ನಮಗೇ ಗೊತ್ತಾಗುತ್ತೆ. ನಮ್ಮವರ ಪಾರ್ಟಿಗಳಲ್ಲಿ 'ಒಳ್ಳೆ ಶಾಲೆ' ಅಂದರೆ ಎಷ್ಟೋ ಸಲ ಬಿಳಿಯರು, ಚೈನೀಸ್, ನಾವು ಇರುವ ಶಾಲೆ ಅಂತಲೇ ಅರ್ಥ. ಊರಲ್ಲಿ ಬಾಡಿಗೆಗೆ ಬಂದವರನ್ನು 'ನೀವು ಯಾರ ಪೈಕಿ' ಅಂತ ಕೇಳ್ತಿದ್ವಲ್ಲ, ಅದನ್ನೇ ಇಲ್ಲಿ ಅಂಕಿ ಹಾಕಿ ಕೇಳ್ತೀವಿ.

ಯಾರ ಮಕ್ಕಳು ಯಾರ ಜೊತೆ ಓದಬೇಕು ಅನ್ನೋದು ಈ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಹಳೇ ಜಗಳ. 1976ರಲ್ಲಿ ರಾಲೀ ನಗರದ ಶಾಲೆಗಳನ್ನೂ ಸುತ್ತಲಿನ ವೇಕ್ ಕೌಂಟಿಯ ಶಾಲೆಗಳನ್ನೂ ಒಂದು ಮಾಡಿದರು. ಬಿಳಿಯರು ಊರಾಚೆ ಹೋಗಿ ಬೇರೆ ಶಾಲಾ ಆಡಳಿತದ (ಸ್ಕೂಲ್ ಡಿಸ್ಟ್ರಿಕ್ಟ್) ಶಾಲೆ ಸೇರಿಕೊಳ್ಳೋದು ಅಷ್ಟು ಸುಲಭವಾಗಿ ಉಳಿಯಲಿಲ್ಲ. ಆಮೇಲೆ, ಮಕ್ಕಳನ್ನು ಜನಾಂಗ ನೋಡಿ ಹಂಚೋದನ್ನು ಕೋರ್ಟುಗಳು ಒಪ್ಪದ ಕಾಲ ಬಂತು. ಆಗ, 2000ದಲ್ಲಿ, ಉಚಿತ ಅಥವಾ ರಿಯಾಯಿತಿ ಊಟ ಪಡೆಯುವ ಬಡ ಮಕ್ಕಳು ಯಾವ ಶಾಲೆಯಲ್ಲೂ ನೂರಕ್ಕೆ 40 ದಾಟಬಾರದು ಅಂತ ಗುರಿ ಇಟ್ಟುಕೊಂಡರು. 2009ರ ಚುನಾವಣೆಯಲ್ಲಿ 'ಹತ್ತಿರದ ಶಾಲೆ ಸಾಕು' ಅನ್ನುವವರು ಗೆದ್ದರು, ಮರುವರ್ಷವೇ ಆ ನೀತಿ ಹೋಯಿತು. ಹತ್ತಿರದ ಶಾಲೆ ಕೇಳೋಕೆ ಚೆನ್ನ. ಆದರೆ ಯಾರ ಹತ್ತಿರ ಯಾರಿರಬೇಕು ಅನ್ನೋದನ್ನು ಮನೆ ಬೆಲೆ ಮೊದಲೇ ತೀರ್ಮಾನ ಮಾಡಿರುತ್ತಲ್ವಾ?

ನಮ್ಮ ಶಾಲೆಯಲ್ಲಿ ಎಲ್ಲಾ ಚೆನ್ನಾಗಿದೆ ಅಂತೇನೂ ಇಲ್ಲ. ಹೋದ ವರ್ಷ ಗಣಿತದ ಟೀಚರ್ ಮಧ್ಯದಲ್ಲೇ ಬಿಟ್ಟು ಹೋದರು, ತಿಂಗಳುಗಟ್ಟಲೆ ಬದಲಿ ಟೀಚರ್ ಮೇಲೇ ನಡೆಯಿತು. ಮನೆಯಲ್ಲಿ ನಾನೇ ಭಿನ್ನರಾಶಿ ಹೇಳಿಕೊಟ್ಟೆ. ನನಗೆ ಸಂಜೆ ಬಿಡುವಿತ್ತು, ಆಯ್ತು. ಅವಳ ಪಕ್ಕ ಕೂರುವ ಹುಡುಗನ ಅಮ್ಮನಿಗೆ ಎರಡು ಕಡೆ ಕೆಲಸ. ಶುಕ್ರವಾರ ಮಧ್ಯಾಹ್ನ ಕೆಲವು ಮಕ್ಕಳ ಬ್ಯಾಗಿಗೆ ಒಂದು ಪ್ಲಾಸ್ಟಿಕ್ ಚೀಲ ಇಡ್ತಾರೆ. ಅದರಲ್ಲಿ ಮ್ಯಾಕರೋನಿ, ಸೇಬಿನ ಸಾಸ್, ಓಟ್ಸ್, ಶನಿವಾರ ಭಾನುವಾರಕ್ಕೆ. ಮಗಳು ಮೊದಲು ನನಗೂ ಬೇಕು ಅಂತ ಹಟ ಮಾಡಿದಳು, ಈಗ ಕೇಳೋದಿಲ್ಲ. ಪಿಟಿಎ, ಅಂದರೆ ಪೋಷಕರ ಮತ್ತು ಟೀಚರ್‌ಗಳ ಸಂಘದ ಹತ್ತಿರ ದುಡ್ಡೂ ಕಮ್ಮಿ. ಪಕ್ಕದ ಊರು ಕ್ಯಾರಿ ಕಡೆಯ ಗೆಳತಿಯ ಮಕ್ಕಳ ಶಾಲೆಯಲ್ಲಿ ಒಂದು ಫನ್ ರನ್ (ದೇಣಿಗೆಗಾಗಿ ಮಕ್ಕಳ ಓಟ) ಮಾಡಿ ಎತ್ತುವಷ್ಟನ್ನು ನಾವು ವರ್ಷವಿಡೀ ಎತ್ತೋದಿಲ್ಲ.

ನಿರ್ಧಾರಕ್ಕೆ ಮುಂಚೆ ಶಾಲೆಗೆ ಫೋನ್ ಮಾಡಿ ಟೂರ್ ಕೇಳಿ. ಹೋದಾಗ ಎಷ್ಟು ಟೀಚರ್‌ಗಳು ಮೂರು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇದ್ದಾರೆ, ಚುರುಕಾದ ಮಕ್ಕಳಿಗೆ ಬೇರೆ ಏನು ಕೊಡ್ತೀರಿ, ಇವೆರಡನ್ನು ಕೇಳಿ. ನಿಮ್ಮ ಮಗುವಿಗೆ ಓದೋದರಲ್ಲಿ ವಿಶೇಷ ಸಹಾಯ ಬೇಕಿದ್ದರೆ ಇನ್ನೂ ಸೂಕ್ಷ್ಮವಾಗಿ ವಿಚಾರಿಸಿ, ಅಲ್ಲಿ ರಾಜಿ ಬೇಡ. ಇಷ್ಟವಾಗದಿದ್ದರೆ ಅದೇ ಮನೆಯಿಂದ ಮ್ಯಾಗ್ನೆಟ್ ಶಾಲೆಗೂ (ವಿಶೇಷ ಪಠ್ಯವಿದ್ದು ಬೇರೆ ಬಡಾವಣೆಯ ಮಕ್ಕಳನ್ನೂ ತೆಗೆದುಕೊಳ್ಳುವ ಸರ್ಕಾರಿ ಶಾಲೆ) ಅರ್ಜಿ ಹಾಕಬಹುದು.

ರೇಟಿಂಗ್ 9 ಅಂತ ಜಾಸ್ತಿ ದುಡ್ಡು ಸುರಿಯುವ ಯೋಚನೆ ಇದ್ದರೆ ಕೌಂಟಿಯ ವೆಬ್‌ಸೈಟಿನಲ್ಲಿ ಆ ವಿಳಾಸ ಹಾಕಿ ನೋಡಿ. ಶಾಲೆ ತುಂಬಿದ್ದರೆ ಹೊಸಬರನ್ನು ಬೇರೆ ಕಡೆ ಕಳಿಸ್ತಾರೆ, ಗಡಿಗಳನ್ನೂ ಆಗಾಗ ಬದಲಿಸ್ತಾರೆ.