ಶ್ವಾಸಕೋಶದ ಸುತ್ತಲಿನ ನೀರಿನಲ್ಲಿ ಎಡಿಎ 62, ಆದರೆ ಕ್ರಿಮಿ ಇಲ್ಲ: ಟಿಬಿ ಹೌದೋ ಅಲ್ಲವೋ?

ನೀವು ಕೊಟ್ಟ ಅಂಕೆಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ತಂದೆಗೆ 64 ವರ್ಷ, ಎದೆಯ ಬಲಬದಿಯಿಂದ ಕಾಸರಗೋಡಿನಲ್ಲಿ 800 ಮಿ.ಲೀ. ನೀರು ತೆಗೆದಿದ್ದಾರೆ. ಪ್ರೊಟೀನ್ 5.1, ಎಲ್‌ಡಿಎಚ್ (ಕೋಶಕ್ಕೆ ಹಾನಿಯಾದಾಗ ಸೋರುವ ಕಿಣ್ವ) 540, ಲಿಂಫೋಸೈಟ್ (ಬಿಳಿ ರಕ್ತಕಣದ ಒಂದು ಬಗೆ) ಶೇ. 88, ಎಡಿಎ (ಇದೂ ಒಂದು ಕಿಣ್ವ) 62. ಟಿಬಿ ಕ್ರಿಮಿಯಾಗಲಿ ಕ್ಯಾನ್ಸರ್ ಕೋಶವಾಗಲಿ ಕಂಡಿಲ್ಲ. ಕ್ರಿಮಿಯೇ ಇಲ್ಲದ ಮೇಲೆ ಟಿಬಿ ಮಾತ್ರೆ ತಿನ್ನಿ ಎಂದು ಡಾಕ್ಟರು ಹೇಳಿದ್ದು ಯಾಕೆ, ಮಂಗಳೂರಿಗೆ ಹೋಗಿ ಪುನಃ ನೀರು ತೆಗೆಸಬೇಕಾ ಎಂಬುದು ನಿಮ್ಮ ಪ್ರಶ್ನೆ.

ಕ್ರಿಮಿ ಸಿಗದ್ದರಲ್ಲಿ ಆಶ್ಚರ್ಯ ಇಲ್ಲ. ಈ ಬಗೆಯ ಟಿಬಿಯಲ್ಲಿ ಕ್ರಿಮಿ ಕೂತಿರುವುದು ಶ್ವಾಸಕೋಶದ ಪೊರೆಯಲ್ಲಿ. ನೀರು ತುಂಬುವುದು ಹೆಚ್ಚಾಗಿ ದೇಹ ಅದರ ಮೇಲೆ ಕೆರಳುವುದರಿಂದ. ನೀರನ್ನು ಸ್ಲೈಡಿಗೆ ಹಚ್ಚಿ ನೋಡಿದರೆ ನೂರರಲ್ಲಿ ಹತ್ತು ಮಂದಿಗೂ ಕ್ರಿಮಿ ಕಾಣುವುದಿಲ್ಲ. ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನಾಟ್ ಪರೀಕ್ಷೆ ಕೂಡ ನೀರಿನಲ್ಲಿ ಬಹಳ ಸಲ ನೆಗೆಟಿವ್. ಪಾಸಿಟಿವ್ ಬಂದರೆ ಮಾತ್ರ ಅದನ್ನು ನಂಬಿ ನಡೆಯಬಹುದು. ಎಡಿಎ ಕೆಲಸಕ್ಕೆ ಬರುವುದು ಇಲ್ಲೇ. ಅದು ಲಿಂಫೋಸೈಟ್‌ಗಳು ಚುರುಕಾದಾಗ ಏರುವ ಕಿಣ್ವ. 40 ದಾಟಿದ್ದು, ಜೊತೆಗೆ ಲಿಂಫೋಸೈಟೇ ಹೆಚ್ಚು ಎಂದಾದರೆ, ನಮ್ಮ ದೇಶದಲ್ಲಿ ಮೊದಲ ಸಂಶಯ ಟಿಬಿ ಮೇಲೆ. ನಿಮ್ಮಲ್ಲಿ ಎರಡೂ ಉಂಟು. ಡಾಕ್ಟರು ಸುಮ್ಮನೆ ಹೇಳಿದ್ದಲ್ಲ.

ಆದರೆ ಎಡಿಎ ಒಂದನ್ನೇ ಹಿಡಿದು ಕೂರಬಾರದು. ಕೀವು ತುಂಬಿದರೂ ಅದು ಏರುತ್ತದೆ, ಆಗ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿಕಣದ ಮೇಲುಗೈ. ಲಿಂಫೋಮಾದಲ್ಲಿ (ಲಿಂಫೋಸೈಟ್‌ಗಳದ್ದೇ ಕ್ಯಾನ್ಸರ್), ರುಮಟಾಯ್ಡ್ ಸಂಧಿವಾತದಲ್ಲಿ ಕೂಡ ಏರುತ್ತದೆ.

ನಿಮ್ಮ ರಿಪೋರ್ಟಿನಲ್ಲಿ ಒಂದು ಕೊರತೆ ಉಂಟು: ಅದೇ ದಿನದ ರಕ್ತದ ಪ್ರೊಟೀನ್, ಎಲ್‌ಡಿಎಚ್ ಎಲ್ಲಿ? 1972ರಿಂದ ಬಳಕೆಯಲ್ಲಿರುವ ಲೈಟ್ ಮಾನದಂಡಕ್ಕೆ (ನೀರು ಪೊರೆಯ ಕಾಯಿಲೆಯದ್ದೋ ಬೇರೆಯದ್ದೋ ಎಂದು ವಿಂಗಡಿಸುವ, ಡಾ. ಲೈಟ್ ಹೆಸರಿನ ಲೆಕ್ಕ) ಎರಡೂ ಬೇಕು. ನೀರಿನ ಪ್ರೊಟೀನ್ ರಕ್ತದ್ದರ ಅರ್ಧಕ್ಕಿಂತ ಹೆಚ್ಚು, ಅಥವಾ ಎಲ್‌ಡಿಎಚ್ ರಕ್ತದ್ದರ 0.6 ಪಾಲಿಗಿಂತ ಹೆಚ್ಚು, ಅಥವಾ ನೀರಿನ ಎಲ್‌ಡಿಎಚ್ ರಕ್ತದ ಸಾಮಾನ್ಯ ಗರಿಷ್ಠ ಮಿತಿಯ ಮೂರರಲ್ಲಿ ಎರಡು ಪಾಲನ್ನು ದಾಟಿದ್ದು. ಇವುಗಳಲ್ಲಿ ಒಂದಿದ್ದರೂ ಅದು ಎಕ್ಸುಡೇಟ್, ಅಂದರೆ ಪೊರೆಯದೇ ಕಾಯಿಲೆ. ಇಲ್ಲದಿದ್ದರೆ ಹೃದಯ, ಲಿವರ್, ಮೂತ್ರಪಿಂಡದ ಕಡೆ ನೋಡಬೇಕು. ಮಿತಿ 250 ಇರುವ ಲ್ಯಾಬಿನಲ್ಲಿ 540 ಅಂದರೆ ಎಕ್ಸುಡೇಟೇ, ಹಾಗಾಗಿ ನಿಮ್ಮಲ್ಲಿ ಗೊಂದಲ ಕಡಿಮೆ. ಗೊಂದಲ ಆಗುವುದು ಹೃದಯದ ತೊಂದರೆಗೆ ಮೂತ್ರ ಹೋಗುವ ಮಾತ್ರೆ ತಿನ್ನುವವರಲ್ಲಿ: ನೀರು ಗಟ್ಟಿಯಾಗಿ ಎಕ್ಸುಡೇಟಿನ ಹಾಗೆ ಕಾಣುತ್ತದೆ. ಆಗ ರಕ್ತದ ಆಲ್ಬುಮಿನ್‌ (ಒಂದು ಬಗೆಯ ಪ್ರೊಟೀನ್) ಅಂಕೆಯಿಂದ ನೀರಿನದ್ದನ್ನು ಕಳೆದು, 1.2 ಗ್ರಾಂ/ಡಿಎಲ್‌ಗಿಂತ ಹೆಚ್ಚು ಉಳಿದರೆ ಹೃದಯದ್ದೇ ಎಂದು ಓದುವುದು.

ಇನ್ನು ಕ್ಯಾನ್ಸರ್. ಒಂದು ಸಲ ಕೋಶ ಕಾಣದಿದ್ದರೆ ಕ್ಯಾನ್ಸರ್ ಇಲ್ಲ ಎಂದಲ್ಲ. ಕ್ಯಾನ್ಸರ್ ಇದ್ದವರಲ್ಲೂ ಸೈಟಾಲಜಿ (ನೀರಿನಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಪರೀಕ್ಷೆ) ಹಿಡಿಯುವುದು ನೂರಕ್ಕೆ ಸುಮಾರು 60. ಎರಡನೇ ಸಲ ಕಳಿಸಿದರೆ ಇನ್ನು ಕೆಲವು ಸಿಗುತ್ತವೆ, ಮೂರನೇ ಸಲದಿಂದ ಹೆಚ್ಚು ಪ್ರಯೋಜನ ಇಲ್ಲ. ತಂದೆಯವರು ಬೀಡಿ ಸೇದುತ್ತಿದ್ದರೆ, ತೂಕ ಇಳಿದಿದ್ದರೆ, ನೀರು ಕೆಂಪಾಗಿದ್ದರೆ ಸಿಟಿ ಸ್ಕ್ಯಾನ್ ಬಿಡಬೇಡಿ. ನೀರು ತೆಗೆದ ಮೇಲೆ ಮಾಡಿದರೆ ಅಡಿಯ ಶ್ವಾಸಕೋಶ ಚೆನ್ನಾಗಿ ಕಾಣುತ್ತದೆ.

ಪುನಃ ತೆಗೆಸುವುದಾದರೆ ಬಾಟಲಿಗಳಲ್ಲಿ ಎಡವಬೇಡಿ, ರಿಪೋರ್ಟು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಕೋಶದ ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಸಾದಾ ಟ್ಯೂಬಿನಲ್ಲಿ ನೀರು ಹೆಪ್ಪುಗಟ್ಟಿದರೆ ಲೆಕ್ಕ ಸುಳ್ಳು. ಗ್ಲೂಕೋಸಿಗೆ ಬೂದು ಮುಚ್ಚಳದ ಟ್ಯೂಬು; ಇಲ್ಲವಾದರೆ ಮಂಗಳೂರು ಮುಟ್ಟುವಷ್ಟರಲ್ಲಿ ಕೋಶಗಳೇ ಸಕ್ಕರೆ ತಿಂದು ಮುಗಿಸಿರುತ್ತವೆ. ಪಿಎಚ್‌ಗೆ (ನೀರಿನ ಹುಳಿತನದ ಅಳತೆ) ಹೆಪಾರಿನ್ ಸಿರಿಂಜು, ಗಾಳಿಗುಳ್ಳೆ ಇಲ್ಲದೆ, ಅಲ್ಲಿಯೇ ಬ್ಲಡ್ ಗ್ಯಾಸ್ ಯಂತ್ರದಲ್ಲಿ. ಗಾಳಿ ಸೇರಿದರೆ ಅಂಕೆ ಏರುತ್ತದೆ, ಮರಗಟ್ಟಿಸುವ ಮದ್ದು ಬೆರೆತರೆ ಇಳಿಯುತ್ತದೆ. ಸೋಂಕಿದ್ದು ಪಿಎಚ್ 7.2ಕ್ಕಿಂತ ಕೆಳಗಿದ್ದರೆ ಟ್ಯೂಬು ಹಾಕಿ ಬಸಿಯಬೇಕಾಗುತ್ತದೆ. ಸೈಟಾಲಜಿಗೆ 50 ಮಿ.ಲೀ. ಆದರೂ ಕಳಿಸಿ. ರಕ್ತ ಅದೇ ಹೊತ್ತಿಗೆ ತೆಗೆಸಿ. ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕಲಿ. ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಬೇಡ.

ಕೆಮ್ಮು ಇಲ್ಲದಿದ್ದರೂ ಕಫವನ್ನು ಸರಕಾರಿ ಆಸ್ಪತ್ರೆಯಲ್ಲಿ ಕೊಡಿ. ಕೆಲವರಲ್ಲಿ ಕ್ರಿಮಿ ಅಲ್ಲಿ ಸಿಗುತ್ತದೆ, ಮದ್ದಿಗೆ ಬಗ್ಗುವ ಕ್ರಿಮಿಯೋ ಎಂದೂ ತಿಳಿಯುತ್ತದೆ. ಆರು ತಿಂಗಳ ಮದ್ದು ಅಲ್ಲಿ ಉಚಿತ. ಮಾತ್ರೆ ಶುರುವಾಗಿ ಆರೆಂಟು ವಾರವಾದರೂ ನೀರು ತಗ್ಗದಿದ್ದರೆ ಅಥವಾ ಜ್ವರ ಬಿಡದಿದ್ದರೆ ಪೊರೆಯ ಬಯಾಪ್ಸಿ (ತುಂಡು ತೆಗೆದು ಪರೀಕ್ಷೆ) ಕೇಳಿ. ಆಗ ಒಂದು ತುಂಡು ಫಾರ್ಮಾಲಿನ್‌ಗೆ, ಇನ್ನೊಂದು ಸಲೈನಿಗೆ ಹೋಗಬೇಕು ಎಂದು ಮೊದಲೇ ಹೇಳಿಡಿ. ಫಾರ್ಮಾಲಿನ್‌ಗೆ ಬಿದ್ದ ತುಂಡಿನಿಂದ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವುದು) ಆಗುವುದಿಲ್ಲ.